ಅರಿಯಾಗಾನ ಮೂರು ಕ್ವಾರ್ಟೆಟ್‌ಗಳನ್ನು ಒಳಗಿನಿಂದ ಕೇಳುವುದು

ಸಂಗೀತ ರಚನಕಾರ ಹುವಾನ್ ಕ್ರಿಸೊಸ್ತೊಮೊ ಅರಿಯಾಗಾನ ಹೆಸರಿನ ಪಕ್ಕದಲ್ಲಿ ‘ಸ್ಪೇನಿನ ಮೊಜಾರ್ಟ್’ ಎಂದು ಬರೆಯುವುದು ವಾಡಿಕೆ. ಹಾಗೆ ಕರೆಯಲು ಕಾರಣಗಳೂ ಇವೆ. ಉತ್ತರ ಸ್ಪೇನಿನ ಬಾಸ್ಕ್ ನಾಡಿನ ಬಿಲ್ಬಾವೊದಲ್ಲಿ ಅವನು ಹುಟ್ಟಿದ್ದು 1806ರ ಜನವರಿ 27ರಂದು, ಮೊಜಾರ್ಟ್ ಹುಟ್ಟಿ ಸರಿಯಾಗಿ 50 ವರ್ಷಕ್ಕೆ. ಇಬ್ಬರಿಗೂ ಒಬ್ಬನೇ ಸಂತನ ಹೆಸರನ್ನು ಇಟ್ಟಿದ್ದರು. ಇಬ್ಬರೂ ಎಳವೆಯಲ್ಲೇ ಬರೆಯತೊಡಗಿದರು, ಇಬ್ಬರೂ ಬೇಗನೆ ತೀರಿಕೊಂಡರು. ಆದರೆ ವಯಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾ ಹಿಡಿದು ಇವನ ಕ್ವಾರ್ಟೆಟ್‌ಗಳನ್ನು (ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೊ ಸೇರಿ ನುಡಿಸುವ ಕೃತಿಗಳನ್ನು) ನುಡಿಸುತ್ತ ಬಂದಿರುವ ನನಗೆ ಈ ಹಣೆಪಟ್ಟಿ ಒಪ್ಪಿಗೆಯಾಗುವುದಿಲ್ಲ. ‘ಪಾಪ, ಬದುಕಿದ್ದರೆ ಏನೆಲ್ಲ ಬರೆಯುತ್ತಿದ್ದನೋ’ ಎಂದು ಮರುಗುತ್ತ ಕೂತವರಿಗೆ, ಅವನು ಬರೆದು ಮುಗಿಸಿದ್ದು ಸರಿಯಾಗಿ ಕೇಳಿಸುವುದೇ ಇಲ್ಲ.

ಅಪ್ಪ ಹುವಾನ್ ಸಿಮೋನ್ ಮೊದಲು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು, ಆಮೇಲೆ ವ್ಯಾಪಾರಕ್ಕೆ ಇಳಿದವನು. ಮಗನ ಮೊದಲ ಪಾಠಗಳು ಮನೆಯಲ್ಲೇ ಆದವು. 11ನೇ ವಯಸ್ಸಿಗೆ ಹುಡುಗ ಎಂಟು ವಾದ್ಯಗಳಿಗೆ ಒಂದು ಕೃತಿ ಬರೆದ. 1820ರಲ್ಲಿ ಅವನ ‘ಲೋಸ್ ಎಸ್ಕ್ಲಾವೊಸ್ ಫೆಲಿಸೆಸ್’ ಆಪೆರಾ ಬಿಲ್ಬಾವೊದಲ್ಲೇ ರಂಗಕ್ಕೆ ಬಂತು. ಅದರಲ್ಲಿ ಇಂದು ಉಳಿದಿರುವುದು ಮೊದಲಿಗೆ ವಾದ್ಯವೃಂದ ನುಡಿಸುವ ಓವರ್ಚರ್ ಮತ್ತು ಕೆಲವು ಬಿಡಿಭಾಗಗಳು ಮಾತ್ರ. 1821ರಲ್ಲಿ ಅವನನ್ನು ಪ್ಯಾರಿಸ್ಸಿನ ಸಂಗೀತ ಶಾಲೆಯಾದ ಕನ್ಸರ್ವೇಟರಿಗೆ ಕಳಿಸಿದರು. ಅಲ್ಲಿ ವಯಲಿನ್ ಕಲಿಸಿದವನು ಪಿಯೆರ್ ಬಯ್ಯೋ, ಹಲವು ಧಾಟಿಗಳನ್ನು ಒಟ್ಟಿಗೆ ಹೆಣೆಯುವ ಕೌಂಟರ್‌ಪಾಯಿಂಟ್ ಕಲಿಸಿದವನು ಫೆತಿಸ್. 1824ರ ಹೊತ್ತಿಗೆ ಫೆತಿಸ್‌ನ ತರಗತಿಯಲ್ಲಿ ಅರಿಯಾಗಾ ತಾನೇ ಸಹಾಯಕ ಶಿಕ್ಷಕನಾಗಿದ್ದ. ಎಂಟು ದನಿಗಳಿಗೆ ಅವನು ಬರೆದ ಒಂದು ಫ್ಯೂಗ್ (ಒಂದೇ ಧಾಟಿಯನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಅನ್ನು ಕನ್ಸರ್ವೇಟರಿಯ ನಿರ್ದೇಶಕ ಕೆರುಬೀನಿ ಬಾಯ್ತುಂಬ ಹೊಗಳಿದ್ದನಂತೆ. ಆ ಫ್ಯೂಗ್ ಕಳೆದುಹೋಗಿದೆ.

ಇವನ ಕತೆ ಹೇಳುವಾಗ ಬಯ್ಯೋನ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಇಡೀ ವಿಷಯದ ಬೇರು ಇರುವುದು ಅಲ್ಲೇ. ಆಗಿನ ಪ್ಯಾರಿಸ್ಸಿಗೆ ಆಪೆರಾದ ಹುಚ್ಚು. ಅಂಥ ಊರಿನಲ್ಲಿ ಬಯ್ಯೋ 1814ರಿಂದ ಟಿಕೆಟಿಟ್ಟು ಕ್ವಾರ್ಟೆಟ್ ಕಛೇರಿಗಳನ್ನು ನಡೆಸುತ್ತಿದ್ದ. ಹೈಡನ್, ಮೊಜಾರ್ಟ್, ಬೊಕ್ಕೆರೀನಿ, ಬೀಥೋವನ್ ಅಲ್ಲಿ ಕೇಳಸಿಗುತ್ತಿದ್ದರು. ಅಂಥ ಗುರುವಿನ ಕೈಕೆಳಗೆ ಕಲಿತ ಹುಡುಗ ನಾಲ್ಕು ತಂತಿವಾದ್ಯಗಳಿಗೆ ಬರೆಯಲು ಕೂತದ್ದು ಸಹಜ. 1824ರಲ್ಲಿ ಮೂರು ಕ್ವಾರ್ಟೆಟ್‌ಗಳು ಅಚ್ಚಾದವು. ಅವನು ಬದುಕಿದ್ದಾಗ ಅಚ್ಚು ಕಂಡದ್ದು ಅವಷ್ಟೇ.

ಹದಿಹರೆಯದವರು ಬರೆದ ಕ್ವಾರ್ಟೆಟ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ವಯಲಿನ್ ಹಾಡುತ್ತಿರುತ್ತದೆ, ಉಳಿದ ಮೂವರು ಅದಕ್ಕೆ ಒತ್ತಾಸೆ ಕೊಡುತ್ತ ಕೂರುತ್ತಾರೆ. ವಿಯೋಲಾದವರಿಗೆ ಇದು ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಅರಿಯಾಗಾನಲ್ಲಿ ನಡುವಿನ ದನಿಗಳಿಗೂ ಕೆಲಸವಿದೆ. ಎರಡನೆಯ ಕ್ವಾರ್ಟೆಟ್ ಎ ಮೇಜರ್ ಎಂಬ ಸ್ವರಶ್ರೇಣಿಯಲ್ಲಿದೆ. ಅದರ ನಿಧಾನ ಭಾಗ ಒಂದೇ ಧಾಟಿಯನ್ನು ಮತ್ತೆ ಮತ್ತೆ ಬೇರೆ ಬೇರೆಯಾಗಿ ಬೆಳೆಸುತ್ತ ಹೋಗುತ್ತದೆ. ಅಲ್ಲೊಂದು ಕಡೆ ನಾವೆಲ್ಲ ಕಮಾನು ಬದಿಗಿಟ್ಟು ಬೆರಳಿನಿಂದ ತಂತಿ ಮೀಟುತ್ತೇವೆ. ಕಮಾನಿನ ಆಸರೆ ಇಲ್ಲದ ಆ ಹೊತ್ತಿನಲ್ಲಿ ಲಯದ ಸಣ್ಣ ಏರುಪೇರನ್ನೂ ಮುಚ್ಚಿಡಲಾಗುವುದಿಲ್ಲ.

ಮೂರನೆಯದು ಇ ಫ್ಲ್ಯಾಟ್ ಮೇಜರ್‌ನದು. ಅದರ ‘ಪಾಸ್ಟೊರಾಲೆ’ (ಹಳ್ಳಿಗಾಡನ್ನು ಚಿತ್ರಿಸುವ) ಭಾಗವನ್ನು ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ. ತೊಟ್ಟಿಲಿನಂತೆ ತೂಗುವ ಲಯದಲ್ಲಿ ಅದು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಟ್ರೆಮೊಲೊ ಬರುತ್ತದೆ: ಒಂದೇ ಸ್ವರದ ಮೇಲೆ ಕಮಾನನ್ನು ಸಣ್ಣದಾಗಿ, ವೇಗವಾಗಿ ಹಿಂದೆ ಮುಂದೆ ಆಡಿಸುವುದು. ಬಯಲಿನ ಮೇಲೆ ಮೋಡ ಕವಿದು ಗಾಳಿ ಎದ್ದಂತೆ ಕೇಳುತ್ತದೆ. ಅಭ್ಯಾಸದಲ್ಲಿ ನಾವು ಅತಿ ಹೆಚ್ಚು ಸಮಯ ಕೊಡುವುದು ಇಲ್ಲಿಗೆ. ಕಮಾನಿನ ತುದಿಯ ಎರಡು ಬೆರಳಗಲದಷ್ಟೇ ಭಾಗ ಬಳಸಿ, ತೋಳನ್ನು ಸಡಿಲ ಬಿಟ್ಟು ಆಡಿಸಬೇಕು. ಮೊದಲಲ್ಲೇ ಜೋರಾಗಿ ನುಡಿಸಿದರೆ ಬಿರುಗಾಳಿ ಬೆಳೆಯಲು ಜಾಗವೇ ಉಳಿಯುವುದಿಲ್ಲ. ಯಾವಾಗ ಅಡಗಿರಬೇಕು, ಯಾವಾಗ ಮೇಲೇಳಬೇಕು ಎಂಬ ಲೆಕ್ಕವನ್ನು ಆ ಹುಡುಗ ಪಕ್ಕಾ ಮಾಡಿಟ್ಟಿದ್ದಾನೆ. ತಂತಿಯ ಮೇಲೆ ಕೈಯಿಟ್ಟು ಬರೆದವನಿಗಷ್ಟೇ ಇದು ಸಾಧ್ಯ.

ಇದರಲ್ಲಿ ಬಾಸ್ಕ್ ಆದದ್ದು ಏನಿದೆ ಎಂದು ಕೇಳುವವರಿಗೆ ನನ್ನ ನೇರ ಉತ್ತರ: ಬಾಸ್ಕ್ ಜನಪದ ಧಾಟಿಗಳನ್ನು ಇಲ್ಲಿ ಹುಡುಕಬೇಡಿ. ಆ ದಾರಿ ಹಿಡಿದವರು 20ನೇ ಶತಮಾನದ ಬಾಸ್ಕ್ ರಚನಕಾರ ಹೆಸೂಸ್ ಗುರಿದಿಯಂಥವರು. ಗುರಿದಿಯ ‘ಹತ್ತು ಬಾಸ್ಕ್ ಧಾಟಿಗಳು’ ಬಂದದ್ದು 1941ರಲ್ಲಿ. ಅರಿಯಾಗಾನ ನುಡಿಗಟ್ಟು ವಿಯೆನ್ನಾ ಮತ್ತು ಪ್ಯಾರಿಸ್ಸಿನದು. ಡಿ ಮೈನರ್‌ನ ಮೊದಲ ಕ್ವಾರ್ಟೆಟ್‌ನಲ್ಲಿ ಮಿನುಯೆಟ್ ಎಂಬ ನೃತ್ಯಲಯದ ಭಾಗದ ನಡುವಿಗೆ ಬಂದಾಗ ಮಾತ್ರ ಮೀಟುತಂತಿಗಳು ಗಿಟಾರಿನ ನೆನಪು ತರುತ್ತವೆ. ಅವನನ್ನು ತಮ್ಮವನೆಂದು ಎದೆಗಪ್ಪಿಕೊಂಡದ್ದು ಬಿಲ್ಬಾವೊದವರು, ಅದೂ ಎಷ್ಟೋ ಕಾಲದ ಮೇಲೆ. 19ನೇ ಶತಮಾನದ ಕೊನೆಯಲ್ಲಿ ಅವನ ವಂಶದವನೇ ಆದ ಎಮಿಲಿಯಾನೊ ದೆ ಅರಿಯಾಗಾ ಅವನ ಕೃತಿಗಳನ್ನು ಮತ್ತೆ ಬೆಳಕಿಗೆ ತರಲು ದುಡಿದ. 1890ರಲ್ಲಿ ನದಿಯ ದಂಡೆಯ ಮೇಲೆ ತಲೆಯೆತ್ತಿದ ದೊಡ್ಡ ರಂಗಮಂದಿರ ಇಂದು ಅವನ ಹೆಸರನ್ನೇ ಹೊತ್ತಿದೆ.

ಅಷ್ಟರಲ್ಲಿ ಅವನು ಹೋಗಿ ದಶಕಗಳೇ ಕಳೆದಿದ್ದವು. 1826ರ ಜನವರಿ 17ರಂದು, 20 ತುಂಬಲು ಹತ್ತು ದಿನ ಇರುವಾಗ, ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಶ್ವಾಸಕೋಶದ ಕಾಯಿಲೆ ಎನ್ನುತ್ತಾರೆ. ಮೊಂಮಾರ್ತ್ರ್‌ನಲ್ಲಿ ಹೂಳಿದರು, ಸಮಾಧಿಗೆ ಗುರುತಿರಲಿಲ್ಲ.

ಹೊಸದಾಗಿ ಕೇಳುವವರು ಮೂರನೆಯ ಕ್ವಾರ್ಟೆಟ್‌ನ ಪಾಸ್ಟೊರಾಲೆಯಿಂದ ಶುರು ಮಾಡಲಿ. ಒಮ್ಮೆ ಕೇಳಿದ ಮೇಲೆ ಮೊದಲ ವಯಲಿನ್ನನ್ನು ಬಿಟ್ಟು, ಬೇಕೆಂದೇ ಚೆಲ್ಲೊ ಮತ್ತು ವಿಯೋಲಾದ ಕಡೆ ಕಿವಿಯಿಟ್ಟು ಇನ್ನೊಮ್ಮೆ ಕೇಳಲಿ. ಆಮೇಲೆ ಮೊದಲ ಕ್ವಾರ್ಟೆಟ್, ಅದಾದ ಮೇಲೆ ವಾದ್ಯವೃಂದಕ್ಕೆ ಅವನು ಬರೆದ ಡಿ ಸಿಂಫನಿ. ಆ ಸಿಂಫನಿ ತಿಳಿಯಾದ ಛಾಯೆಯ ಮೇಜರ್‌ನಲ್ಲಿ ನಿಧಾನವಾಗಿ ಬಾಗಿಲು ತೆರೆಯುತ್ತದೆ, ವೇಗದ ಭಾಗ ಬಂದೊಡನೆ ಮಬ್ಬು ಛಾಯೆಯ ಮೈನರ್‌ಗೆ ತಿರುಗುತ್ತದೆ. ಆ ತಿರುವನ್ನು ಕೇಳುವಾಗ ಬರೆದವನ ವಯಸ್ಸು ತಲೆಯಲ್ಲಿ ಇರಬೇಕಾಗಿಲ್ಲ.