ಹೌಸ್ ನಂಬರ್: ಟ್ರಾನ್ಸಿಸ್ಟರನ್ನು ಮನೆಯಲ್ಲಿ ಕರೆಯುವ ಹೆಸರು

ಮೇಜಿನ ಮೇಲೆ ಹಳೆಯ ಆಸಿಲೋಸ್ಕೋಪ್ (ವಿದ್ಯುತ್ ಅಲೆಗಳನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಒಂದರ ಬೋರ್ಡ್ ಇದೆ. ಟೆಕ್‌ಟ್ರಾನಿಕ್ಸ್ ಕಂಪನಿಯದು, ಗುಜರಿಯಲ್ಲಿ ಸಿಕ್ಕಿದ್ದು. ಅದರಿಂದ ಬಿಡಿಸಿದ ಒಂದು ಪುಟ್ಟ ಕಪ್ಪು ಟ್ರಾನ್ಸಿಸ್ಟರ್ ಮೇಲೆ 151-0190-00 ಅಂತ ಅಚ್ಚಾಗಿದೆ. ಬಿಡಿಭಾಗಗಳ ವಿವರ ಇರುವ ಡೇಟಾ ಬುಕ್ ಎಷ್ಟು ತಿರುವಿ ಹಾಕಿದರೂ ಈ ನಂಬರ್ ಸಿಗಲಿಲ್ಲ. ಅಂಗಡಿಯವರೂ ಗೊತ್ತಿಲ್ಲ ಅಂತ ತಲೆಯಾಡಿಸಿದರು. ಏನೋ ಅಪರೂಪದ ಮಾಲು ಅಂದುಕೊಂಡಿದ್ದೆ. ಕೊನೆಗೆ ನೋಡಿದರೆ ಎಲ್ಲ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುವ 2ಎನ್3904!

ಈ 151-0190-00 ಅನ್ನುವುದು ಹೌಸ್ ನಂಬರ್. ‘ಹೌಸ್’ ಅಂದರೆ ಇಲ್ಲಿ ಕಂಪನಿ. ಉಪಕರಣ ತಯಾರಿಸುವ ಕಂಪನಿ ತಾನು ಹೊರಗಿನಿಂದ ಕೊಳ್ಳುವ ಬಿಡಿಭಾಗಗಳಿಗೆ ತನ್ನದೇ ಲೆಕ್ಕದಲ್ಲಿ ಒಂದು ನಂಬರ್ ಕೊಟ್ಟು, ಅದನ್ನೇ ಅಚ್ಚು ಹಾಕಿಸಿಕೊಳ್ಳುತ್ತದೆ. ಸ್ಕೂಲ್ ರಿಜಿಸ್ಟರಿನಲ್ಲಿ ವೆಂಕಟೇಶ, ಮನೆಯಲ್ಲಿ ಪುಟ್ಟ ಇದ್ದ ಹಾಗೆ. ಸ್ಕೂಲಿಗೆ ಹೋಗಿ ‘ಪುಟ್ಟ ಇದಾನಾ?’ ಅಂತ ಕೇಳಿದರೆ ಯಾರಿಗೆ ಗೊತ್ತಾಗಬೇಕು, ಅಲ್ವಾ?

ಇದೆಲ್ಲ ಯಾಕೆ ಬೇಕಿತ್ತು? ಒಂದೇ ಭಾಗವನ್ನು ಎರಡು ಮೂರು ಕಡೆಯಿಂದ ತರಿಸಿದರೂ ಸ್ಟೋರಿನಲ್ಲಿ ಒಂದೇ ನಂಬರ್ ಇರಲಿ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ರಿಪೇರಿಯವರಿಗೆ ತಲೆನೋವು. ಕೆಲವು ಸಲ ಕಂಪನಿ ಸಾವಿರಾರು ಟ್ರಾನ್ಸಿಸ್ಟರುಗಳನ್ನು ಪರೀಕ್ಷಿಸಿ, ಗೇನ್ (ಸಿಗ್ನಲನ್ನು ಹಿಗ್ಗಿಸುವ ಶಕ್ತಿ) ಜಾಸ್ತಿ ಇರುವವನ್ನೋ ಸದ್ದು ಕಡಿಮೆ ಇರುವವನ್ನೋ ಮಾತ್ರ ಆರಿಸಿ ನಂಬರ್ ಕೊಡುತ್ತಿತ್ತು. ಅಂಥ ಜಾಗಕ್ಕೆ ಮಾಮೂಲಿ ಟ್ರಾನ್ಸಿಸ್ಟರ್ ಹಾಕಿದರೆ ಉಪಕರಣ ನಡೆಯುತ್ತದೆ, ಆದರೆ ಮೊದಲಿನ ಹಾಗಲ್ಲ.

ಒಂದು ಮನೆಯ ರೂಢಿ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಟೆಕ್‌ಟ್ರಾನಿಕ್ಸ್‌ನಲ್ಲಿ 151 ಅಂದರೆ ಟ್ರಾನ್ಸಿಸ್ಟರ್, 152 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), 156 ಐಸಿ, ಅಂದರೆ ಚಿಪ್. ಟ್ರಾನ್ಸಿಸ್ಟರಿನಲ್ಲಿ ಪಿಎನ್‌ಪಿ, ಎನ್‌ಪಿಎನ್ ಅಂತ ಎರಡು ಬಗೆ; ಎಚ್‌ಪಿ (ಹ್ಯೂಲೆಟ್ ಪ್ಯಾಕರ್ಡ್) ಕಂಪನಿಯಲ್ಲಿ 1853 ಅಂದರೆ ಪಿಎನ್‌ಪಿ, 1854 ಅಂದರೆ ಎನ್‌ಪಿಎನ್, 1820 ಡಿಜಿಟಲ್ ಐಸಿ. ಎಚ್‌ಪಿಯ 1854-0215 ಕೂಡ ಅದೇ 2ಎನ್3904. ಇವೆಲ್ಲ ಸಿಗುವುದು ಆ ಉಪಕರಣದ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ. ಹಿಂದಿನ ಪುಟಗಳ ಬಿಡಿಭಾಗಗಳ ಪಟ್ಟಿಯಲ್ಲಿ ಹೌಸ್ ನಂಬರಿನ ಪಕ್ಕದಲ್ಲೇ ಎಷ್ಟೋ ಸಲ ಅಸಲಿ ನಂಬರೂ ಇರುತ್ತದೆ. ಹಾಗಾಗಿ ಬೋರ್ಡ್ ಯಾವ ಉಪಕರಣದ್ದು ಅಂತ ಬರೆದಿಟ್ಟುಕೊಳ್ಳದೆ ಏನನ್ನೂ ಬಿಚ್ಚಬೇಡಿ.

ಅರ್ಥವಾಗದ ನಂಬರೆಲ್ಲ ಹೌಸ್ ನಂಬರಲ್ಲ. ಸಿ945 ಅಂತ ಇದ್ದರೆ ಅದು ಜಪಾನಿನ 2ಎಸ್‌ಸಿ945. ಜಾಗ ಉಳಿಸಲು 2ಎಸ್ ಬಿಟ್ಟಿದ್ದಾರೆ ಅಷ್ಟೇ. ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಟ್ರಾನ್ಸಿಸ್ಟರುಗಳ ಮೇಲಿನ 187, 188 ತಯಾರಕರದೇ ನಂಬರ್, ಎಲ್ಲರಿಗೂ ಮಾರಿದ್ದು. ಇನ್ನು ನಾಲ್ಕಂಕಿಯ ಡೇಟ್ ಕೋಡ್: 7432 ಅಂದರೆ 1974ರ 32ನೇ ವಾರ. ತಮಾಷೆ ಏನಪ್ಪಾ ಅಂದರೆ, 7432 ಅನ್ನುವ ಐಸಿಯೂ ಇದೆ. ನಾನೂ ಒಮ್ಮೆ ತಾರೀಕನ್ನೇ ಐಸಿ ನಂಬರ್ ಅಂದುಕೊಂಡು ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ.

ಮ್ಯಾನ್ಯುಯಲ್ ಸಿಗದಿದ್ದರೆ? ಮಲ್ಟಿಮೀಟರ್ ಇದೆಯಲ್ಲ. ಟ್ರಾನ್ಸಿಸ್ಟರಿಗೆ ಬೇಸ್, ಎಮಿಟರ್, ಕಲೆಕ್ಟರ್ ಅಂತ ಮೂರು ಕಾಲು. ಅದನ್ನು ಡಯೋಡ್ ಗುರುತಿಗೆ ತಿರುಗಿಸಿ, ಆ ಕಪ್ಪು ಟ್ರಾನ್ಸಿಸ್ಟರಿನ ನಡುಗಾಲಿಗೆ ಕೆಂಪು ಪ್ರೋಬ್ ಇಟ್ಟೆ. ಕಪ್ಪು ಪ್ರೋಬನ್ನು ಒಂದು ಪಕ್ಕದ ಕಾಲಿಗೆ ಮುಟ್ಟಿಸಿದರೆ 0.689 ವೋಲ್ಟ್, ಇನ್ನೊಂದಕ್ಕೆ 0.684. ಪ್ರೋಬ್ ಅದಲು ಬದಲು ಮಾಡಿದರೆ ಏನೂ ಇಲ್ಲ. ಎರಡೂ ಕಡೆ ಕರೆಂಟ್ ಹರಿದದ್ದರಿಂದ ನಡುಗಾಲು ಬೇಸ್. ಕೆಂಪು ಇಟ್ಟಾಗ ಹರಿದದ್ದರಿಂದ ಎನ್‌ಪಿಎನ್. 0.7ರ ಹತ್ತಿರ ಇರುವುದರಿಂದ ಸಿಲಿಕಾನ್. ಎಸಿ128ರಂಥ ಹಳೆಯ ಜರ್ಮೇನಿಯಮ್ ಆಗಿದ್ದರೆ 0.2, 0.3 ತೋರಿಸುತ್ತಿತ್ತು. ಒಂದು ಕೂದಲೆಳೆ ಜಾಸ್ತಿ ತೋರಿಸಿದ 0.689 ಇದೆಯಲ್ಲ, ಸಾಮಾನ್ಯವಾಗಿ ಅದೇ ಎಮಿಟರ್. ಅಳೆಯುವಾಗ ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿದುಕೊಳ್ಳಬೇಡಿ. ಮೈ ಬಿಸಿಗೇ ಅಂಕಿ ಇಳಿಯುತ್ತದೆ.

ಎಷ್ಟು ವೋಲ್ಟ್ ತಡೆಯುತ್ತದೆ, ಎಷ್ಟು ಕರೆಂಟ್ ಹೊರುತ್ತದೆ ಅಂತ ಮೀಟರ್ ಹೇಳುವುದಿಲ್ಲ. ಅದಕ್ಕೆ ಅದು ಮೊದಲು ಇದ್ದ ಜಾಗವನ್ನೇ ನೋಡಬೇಕು. 15 ವೋಲ್ಟ್ ಲೈನಿನಲ್ಲಿ ಕೂತಿದ್ದರೆ ಅಷ್ಟನ್ನಂತೂ ತಡೆದಿದೆ ಅಂತಾಯಿತು. ಅದಕ್ಕಿಂತ ಮೇಲಕ್ಕೆ ನಾನು ಹೋಗುವುದಿಲ್ಲ.

ಅದೇ ಬೋರ್ಡಿನಲ್ಲಿ ನಂಬರ್ ಪೂರ್ತಿ ಅಳಿಸಿಹೋದ ಇನ್ನೂ ಆರು ಟ್ರಾನ್ಸಿಸ್ಟರ್ ಸಿಕ್ಕವು. ‘ಎನ್‌ಪಿಎನ್, ಸಿಲಿಕಾನ್, 15 ವೋಲ್ಟ್ ಒಳಗೆ’ ಅಂತ ಚೀಟಿ ಅಂಟಿಸಿ ಡಬ್ಬಿಗೆ ಹಾಕಿದ್ದೇನೆ. ಎಲ್‌ಇಡಿ ಉರಿಸುವುದಕ್ಕೆ, ಸಣ್ಣ ರಿಲೇ ಎಳೆಯುವುದಕ್ಕೆ ಅಷ್ಟು ಗೊತ್ತಿದ್ದರೆ ಸಾಕು.