ಪ್ರಶ್ನೆ ಯಾರ ಬಾಯಲ್ಲಿದೆ? ಲೈಂಗಿಕ ದೌರ್ಜನ್ಯದ ನಾಟಕಗಳನ್ನು ಓದುವವರಿಗೆ ಟಿಪ್ಪಣಿ

ಹಾಸನದ ಸುತ್ತಮುತ್ತ ‘ಕುರುಕ್ಷೇತ್ರ’ ನಾಟಕ ನೋಡದೆ ಬೆಳೆದವರು ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು, ಭೀಮ ಗದೆ ಎತ್ತಿದರೆ ಶಿಳ್ಳೆ ಬಿದ್ದೇ ಬೀಳುತ್ತದೆ. ದ್ರೌಪದಿಗಾದ ಅವಮಾನ ನಮಗೆ ನೆನಪಿರುವುದು ಭೀಮನ ಪ್ರತಿಜ್ಞೆಯಿಂದ, ಕೃಷ್ಣ ಕೊಟ್ಟ ಅಕ್ಷಯ ವಸ್ತ್ರದಿಂದ. ಸಭಾಪರ್ವ ತೆರೆದರೆ ಬೇರೊಂದು ಕಾಣುತ್ತದೆ. ಕರೆಯಲು ಬಂದ ಸೇವಕ ಪ್ರಾತಿಕಾಮಿಯ ಕೈಯಲ್ಲಿ ದ್ರೌಪದಿ ಸಭೆಗೆ ಪ್ರಶ್ನೆ ಕಳಿಸುತ್ತಾಳೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಧರ್ಮ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಳ್ಳುತ್ತಾನೆ. ಕೌರವರಲ್ಲಿ ವಿಕರ್ಣನೊಬ್ಬ ಅವಳ ಪರ ಎದ್ದು ನಿಲ್ಲುತ್ತಾನೆ. ಉಳಿದವರಲ್ಲಿ ಹೆಚ್ಚಿನವರು ಅವಳ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಈ ವಿಷಯದ ಯಾವ ನಾಟಕ ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಇದನ್ನೇ. ಪ್ರಶ್ನೆ ಕೇಳುವವರು ಯಾರು? ಉತ್ತರ ಕೊಡಬೇಕಾದ ಜಾಗದಲ್ಲಿ ಯಾರನ್ನು ನಿಲ್ಲಿಸಿದ್ದಾರೆ? ಕಥೆ ಏನಾಯಿತು ಎನ್ನುವುದಕ್ಕಿಂತ ಇದು ಮುಖ್ಯ.

ವಿಜಯ ತೆಂಡೂಲ್ಕರರ ಮರಾಠಿ ನಾಟಕ ‘ಶಾಂತತಾ! ಕೋರ್ಟ್ ಚಾಲೂ ಆಹೆ’ (1967) ಇದಕ್ಕೆ ಅತ್ಯುತ್ತಮ ಪಠ್ಯ, ನಿಧಾನವಾಗಿ ಓದಿ. ಹವ್ಯಾಸಿ ತಂಡವೊಂದು ನಾಟಕ ಆಡಲು ಹಳ್ಳಿಗೆ ಬರುತ್ತದೆ. ಹೊತ್ತು ಕಳೆಯಲು ಸುಳ್ಳು ಕೋರ್ಟಿನ ಆಟ ಹೂಡುತ್ತಾರೆ. ಶಿಕ್ಷಕಿ ಲೀಲಾ ಬೇಣಾರೆಯ ಮೇಲೆ ಭ್ರೂಣಹತ್ಯೆಯ ಆರೋಪ. ಆಟ ಆಟವಾಗಿ ಉಳಿಯುವುದಿಲ್ಲ. ಅವಳ ಮದುವೆಯಾಗದ ವಯಸ್ಸು, ನಗು, ಯಾರ ಜೊತೆ ಮಾತಾಡಿದಳು ಎಂಬುದೆಲ್ಲ ಸಾಕ್ಷಿಯಾಗುತ್ತದೆ. ಅವಳ ಗರ್ಭಕ್ಕೆ ಕಾರಣನಾದ ಪ್ರೊಫೆಸರ್ ದಾಮ್ಲೆ ನಾಟಕದುದ್ದಕ್ಕೂ ರಂಗಕ್ಕೆ ಬರುವುದೇ ಇಲ್ಲ. ಅವನ ಕುರ್ಚಿ ಖಾಲಿ, ಅವನ ಶೀಲವನ್ನು ಯಾರೂ ವಿಚಾರಿಸುವುದಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಸೋದರಮಾವನೇ ಅವಳನ್ನು ಬಳಸಿಕೊಂಡಿದ್ದ ಸಂಗತಿಯೂ ಅವಳ ವಿರುದ್ಧದ ಸಾಕ್ಷಿಯಾಗಿಬಿಡುತ್ತದೆ! ಕೊನೆಗೆ ಬೇಣಾರೆ ದೀರ್ಘವಾಗಿ ಮಾತಾಡುತ್ತಾಳೆ. ಆದರೆ ಅಷ್ಟು ಹೊತ್ತೂ ಉಳಿದ ಪಾತ್ರಗಳು ನಿಂತಲ್ಲೇ ಸ್ತಬ್ಧ. ಅವಳ ಮಾತು ಕೋರ್ಟಿಗೆ ಕೇಳಿಸುವುದಿಲ್ಲ, ಪ್ರೇಕ್ಷಕರಿಗೆ ಮಾತ್ರ ಕೇಳಿಸುತ್ತದೆ. ಈ ರಂಗಸೂಚನೆಯನ್ನು ಹಾರಿಸಿ ಓದಿದವರಿಗೆ ನಾಟಕದ ಅರ್ಧ ದಕ್ಕುವುದಿಲ್ಲ.

ಇದು ಬರೀ ನಾಟಕದ ಕಲ್ಪನೆ ಎಂದುಕೊಳ್ಳಬೇಡಿ. ಅತ್ಯಾಚಾರದ ದೂರು ಕೊಟ್ಟ ಹೆಂಗಸು ಸಾಮಾನ್ಯವಾಗಿ ನಡತೆಗೆಟ್ಟವಳು ಎಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ನಮ್ಮ ಸಾಕ್ಷ್ಯ ಕಾಯ್ದೆಯ 155(4) ಅವಕಾಶ ಕೊಟ್ಟಿತ್ತು. ಅದನ್ನು ತೆಗೆದದ್ದು 2003ರಲ್ಲಿ.

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನಾವೆಲ್ಲ ಜನಪದ ಕಥೆಯ ಸೊಗಸಿಗಾಗಿ ಓದಿರುತ್ತೇವೆ. ಒಮ್ಮೆ ಒಪ್ಪಿಗೆಯ ಪ್ರಶ್ನೆ ಇಟ್ಟುಕೊಂಡು ಓದಿ. ಅಪ್ಪಣ್ಣ ಮಧ್ಯಾಹ್ನ ಉಂಡು, ಹೆಂಡತಿ ರಾಣಿಯನ್ನು ಒಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ರಾತ್ರಿ ಅವನ ರೂಪದಲ್ಲೇ ನಾಗ ಬರುತ್ತಾನೆ, ಪ್ರೀತಿಯಿಂದ. ಗಂಡನೆಂದು ನಂಬಿಸಿ ಪಡೆದ ಒಪ್ಪಿಗೆಯನ್ನು ಕಾನೂನು ಒಪ್ಪಿಗೆ ಎನ್ನುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲಿ ಅದು ಅತ್ಯಾಚಾರ. ಅದೇ ಸೆಕ್ಷನ್ನಿನ ವಿನಾಯಿತಿಯಲ್ಲಿ, 18 ತುಂಬಿದ ಹೆಂಡತಿಯ ಮೇಲೆ ಗಂಡ ಮಾಡುವ ಬಲವಂತ ಅತ್ಯಾಚಾರವಲ್ಲ. ರಾಣಿಯ ಬದುಕು ಈ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡಿದೆ. ಬಸುರಾದಾಗ ಪಂಚಾಯ್ತಿಯ ಮುಂದೆ ಹಾವು ಹಿಡಿದು, ಶೀಲ ಸಾಬೀತು ಮಾಡುವ ದಿವ್ಯ ಪರೀಕ್ಷೆಗೆ ನಿಲ್ಲಬೇಕಾದವಳು ಅವಳೇ. ಅಪ್ಪಣ್ಣ ಎಲ್ಲಿಗೆ ಹೋಗುತ್ತಾನೆಂದು ಊರಿಗೆಲ್ಲ ಗೊತ್ತು, ಪಂಚಾಯ್ತಿ ಅವನನ್ನು ಒಂದು ಮಾತೂ ಕೇಳುವುದಿಲ್ಲ.

ಬೆಂಗಳೂರಿನವರೇ ಆದ ಮಹೇಶ್ ದತ್ತಾನಿ ಇಂಗ್ಲಿಷಿನಲ್ಲಿ ಬರೆದ ‘ಥರ್ಟಿ ಡೇಸ್ ಇನ್ ಸೆಪ್ಟೆಂಬರ್’ (2001) ಮನೆಯೊಳಗಿನ ಕಥೆ. ಮಾಲಾಳನ್ನು ಬಾಲ್ಯದಲ್ಲಿ ಕೆಡಿಸಿದವನು ತಾಯಿಯ ಅಣ್ಣ. ಅವಳು ಅಳುತ್ತ ಬಂದಾಗಲೆಲ್ಲ ತಾಯಿ ಶಾಂತಾ ತಿಂಡಿ ಕೊಟ್ಟು, ದೇವರ ಮುಂದೆ ಕೂತು ಸುಮ್ಮನಾಗಿದ್ದಳು. ಮಗಳ ಸಿಟ್ಟೆಲ್ಲ ತಾಯಿಯ ಮೇಲೆ; ಓದುವ ನಮ್ಮದೂ ಅಷ್ಟೆ. ಆಮೇಲೆ ಶಾಂತಾ ಬಾಯಿ ಬಿಡುತ್ತಾಳೆ: ಅದೇ ಅಣ್ಣ ತನ್ನನ್ನು ಆರನೆಯ ವಯಸ್ಸಿನಿಂದ ಹತ್ತು ವರ್ಷ ಹಾಗೇ ಮಾಡಿದ್ದ. ತಾಯಿ ಎಂದರೆ ಎಲ್ಲವನ್ನೂ ತಡೆಯಬಲ್ಲವಳು ಎಂಬ ನಮ್ಮ ಎಣಿಕೆ ಎಷ್ಟು ಕ್ರೂರ ಎಂದು ಆ ಕ್ಷಣ ಹೊಳೆಯುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ತಿಳಿದವರು ದೂರು ಕೊಡಲೇಬೇಕು. ಶಾಂತಾಳಂಥ ತಾಯಿಗೆ ಆ ಕಾನೂನು ಏನು ಹೇಳುತ್ತದೆ ಎಂದು ಚರ್ಚಿಸಿ. ನನಗೆ ಇದು ಸುಲಭದ ಪ್ರಶ್ನೆಯಾಗಿ ಕಂಡಿಲ್ಲ.

ಸುಜಿ ಮಿಲ್ಲರ್ ಅವರ ‘ಪ್ರೈಮಾ ಫೇಸಿ’ (2019, ಸಿಡ್ನಿ) ಏಕವ್ಯಕ್ತಿ ನಾಟಕ. ಇಂಥ ಕೇಸುಗಳಲ್ಲಿ ಆರೋಪಿಗಳ ಪರ ಪಾಟೀಸವಾಲು ಮಾಡಿ ಗೆಲ್ಲುತ್ತಿದ್ದ ವಕೀಲೆಯೇ ಅತ್ಯಾಚಾರದ ದೂರು ಕೊಟ್ಟವಳಾಗಿ ಕಟಕಟೆಗೆ ಬಂದು ನಿಲ್ಲಬೇಕಾಗುತ್ತದೆ. ಬೇಣಾರೆಯ ಜೊತೆಗಿಟ್ಟು ಓದಿ.

ಇನ್ನು, ರಂಗದ ಮೇಲೆ ಏನನ್ನು ತೋರಿಸಬೇಕು? ಮಹಾಶ್ವೇತಾ ದೇವಿಯವರ ‘ದ್ರೌಪದಿ’ ಕಥೆಯನ್ನು ಮಣಿಪುರದ ಕನ್ಹಯ್ಯಾಲಾಲ್ 2000ದಲ್ಲಿ ರಂಗಕ್ಕೆ ತಂದರು. ಸೈನಿಕರಿಂದ ಅತ್ಯಾಚಾರಕ್ಕೊಳಗಾದ ಆದಿವಾಸಿ ಹೆಂಗಸು ಬಟ್ಟೆ ಉಡಲು ಒಪ್ಪದೆ ಸೇನಾಧಿಕಾರಿಯ ಎದುರು ಹಾಗೇ ಬಂದು ನಿಲ್ಲುತ್ತಾಳೆ, ಹೆದರುವವನು ಅವನು. ಸಾವಿತ್ರಿ ಹೈಸ್ನಾಂ ಆ ದೃಶ್ಯವನ್ನು ನಗ್ನರಾಗಿ ಅಭಿನಯಿಸಿ ಟೀಕೆಗೂ ಒಳಗಾದರು. 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಮುಂದೆ 12 ಮಂದಿ ತಾಯಂದಿರು, ಅಸ್ಸಾಂ ರೈಫಲ್ಸ್ ಹಿಡಿದೊಯ್ದ ಮೇಲೆ ಹೆಣವಾಗಿ ಸಿಕ್ಕ ಮನೋರಮಾ ಎಂಬ ಹೆಣ್ಣಿಗಾಗಿ, ಬಟ್ಟೆ ಕಳಚಿ ಪ್ರತಿಭಟಿಸಿದರು. ದೇಹವನ್ನು ತೋರಿಸುವ ನಿರ್ಧಾರ ಅಲ್ಲಿ ಆ ಹೆಂಗಸರದ್ದೇ ಆಗಿತ್ತು.

2024ರ ಏಪ್ರಿಲ್‌ನಲ್ಲಿ, ಚುನಾವಣೆ ಹೊತ್ತಿಗೆ, ನಮ್ಮ ಹಾಸನದಲ್ಲಿ ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳ ಪೆನ್‌ಡ್ರೈವ್‌ಗಳು ಹರಿದಾಡಿದವು. ಅದರಲ್ಲಿದ್ದ ಹೆಂಗಸರ ಮುಖವನ್ನೂ ಮರೆಮಾಡಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಈ ಜಿಲ್ಲೆಯಲ್ಲಿ ಕೂತು ಇಂಥ ನಾಟಕ ಮಾಡಿಸುವವರು ಕೃತ್ಯವನ್ನು ರಂಗದ ಮೇಲೆ ಅಭಿನಯಿಸಿ ತೋರಿಸಬಾರದು ಎಂದೇ ನನ್ನ ಖಚಿತ ಅಭಿಪ್ರಾಯ. ನೋಡಿದ್ದು ಸಾಕಷ್ಟಾಗಿದೆ. ವಿಚಾರಣೆಯನ್ನು ತೋರಿಸಿ.

ತಾಲೀಮಿನ ಬಗ್ಗೆ ಎರಡು ಮಾತು. ಮುಟ್ಟುವ ದೃಶ್ಯವಿದ್ದರೆ ಎಲ್ಲಿ, ಎಷ್ಟು ಎಂಬುದನ್ನು ನಟ ನಟಿಯರಿಬ್ಬರೂ ಮೊದಲೇ ಮಾತಾಡಿ ಒಪ್ಪಿರಬೇಕು, ಬೇಡವೆನಿಸಿದರೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಓದುವಾಗ ಯಾರಿಗಾದರೂ ಎದೆ ಭಾರವಾದರೆ ಎದ್ದು ಹೋಗಲು ಬಿಡಿ, ಹಿಂದೆಯೇ ಹೋಗಿ ವಿಚಾರಿಸಬೇಡಿ. ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098. ಇವನ್ನು ತಾಲೀಮಿನ ಕೋಣೆಯಲ್ಲಿ ಬರೆದು ಅಂಟಿಸಿ.

ಮುಂದಿನ ಓದಿಗೆ ಬೇಣಾರೆಯ ಕೊನೆಯ ಮಾತನ್ನು ಇಟ್ಟುಕೊಳ್ಳೋಣ. ಹುಡುಗರೂ ಬೇಣಾರೆಯಾಗಿ ಓದಬೇಕು, ಹುಡುಗಿಯರು ನ್ಯಾಯಾಧೀಶ ಕಾಶೀಕರನ ಪಾತ್ರ ಮಾಡಬೇಕು. ಆಲೂರು, ಬೇಲೂರು ಕಡೆಯ ಕೊನೆ ಬಸ್ಸು ಹಿಡಿಯುವ ಹುಡುಗಿಯರಿದ್ದಾರೆ, ಹಾಗಾಗಿ ಬೇಗ ಶುರು ಮಾಡೋಣ. ಎಷ್ಟೊತ್ತಿಗೆ ಮನೆ ಸೇರುತ್ತೀಯ ಎಂಬ ಪ್ರಶ್ನೆ ನಮ್ಮ ತಂಡದಲ್ಲಿ ಯಾರ್ಯಾರಿಗೆ ಬರುತ್ತದೆ ಎಂದು ಎಲ್ಲರೂ ಒಂದು ಚೀಟಿಯಲ್ಲಿ ಬರೆದು ತನ್ನಿ. ಚರ್ಚೆಯನ್ನು ಅಲ್ಲಿಂದಲೇ ಆರಂಭಿಸೋಣ.