ಶುಕ್ರನನ್ನು ನೋಡಲು ಕತ್ತಲಾಗುವವರೆಗೆ ಕಾಯಬೇಡಿ

ಶುಕ್ರ ಅತ್ಯಂತ ಪ್ರಖರವಾಗಿ ಹೊಳೆಯುವುದು ಬಿಂಬ ಪೂರ್ತಿ ಬೆಳಗಿದಾಗಲ್ಲ, ಪಂಚಮಿಯ ಚಂದ್ರನಂತೆ ಕಾಲುಭಾಗವಷ್ಟೇ ಬೆಳಗಿದಾಗ. ತರಗತಿಯಲ್ಲಿ ಇದನ್ನು ಹೇಳಿದರೆ ಭೌತಶಾಸ್ತ್ರದ ವಿದ್ಯಾರ್ಥಿಗಳೂ ಸುಲಭಕ್ಕೆ ಒಪ್ಪುವುದಿಲ್ಲ. ಪಣಂಬೂರಿನ ಕಡಲ ತೀರದಲ್ಲಿ ಬೈನಾಕ್ಯುಲರ್ ಕೈಗೆ ಕೊಟ್ಟ ಮೇಲೆ ವಾದ ನಿಲ್ಲುತ್ತದೆ.

ಕಾರಣ, ದೂರ. ಸೂರ್ಯನ ಆಚೆ ಬದಿಯಲ್ಲಿರುವಾಗ ಶುಕ್ರ ನಮ್ಮಿಂದ ಸುಮಾರು 26 ಕೋಟಿ ಕಿಲೋಮೀಟರ್ ದೂರ. ಮುಖವೆಲ್ಲ ಬೆಳಗಿದ್ದರೂ ಬಿಂಬ ತೀರಾ ಪುಟ್ಟದು. ಸೂರ್ಯನಿಗೂ ಭೂಮಿಗೂ ನಡುವೆ ಬರುವಾಗ ಅಂತರ ಸುಮಾರು 4 ಕೋಟಿ ಕಿಲೋಮೀಟರಿಗೆ ಇಳಿದು ಬಿಂಬ ಆರು ಪಟ್ಟು ಹಿಗ್ಗುತ್ತದೆ, ಆದರೆ ಬೆಳಗಿದ ಮುಖ ಸೂರ್ಯನ ಕಡೆಗಿರುತ್ತದೆ. ಈ ಹಿಗ್ಗು ಕುಗ್ಗುಗಳ ಲೆಕ್ಕ ನಮಗೆ ಹೆಚ್ಚು ಬೆಳಕು ತರುವುದು, ಹಾಗೆ ನಡುವೆ ಬರುವುದಕ್ಕೆ ಸುಮಾರು ಐದು ವಾರ ಮೊದಲು ಮತ್ತು ಐದು ವಾರ ನಂತರ. 1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಕಂಡ ಈ ವೃದ್ಧಿ ಕ್ಷಯಗಳೇ ಶುಕ್ರ ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಾದವು.

ನೋಡುವವರು ಎಡವುವುದು ಹೊತ್ತಿನ ವಿಚಾರದಲ್ಲಿ. ಬಾನು ಕಪ್ಪಾದ ಮೇಲೆ ಬೈನಾಕ್ಯುಲರಿನಲ್ಲಿ ಕಾಣುವುದು ಕಣ್ಣು ಕುಕ್ಕುವ ಬೆಳಕಿನ ಮುದ್ದೆ. ಸೂರ್ಯ ಮುಳುಗಿದ ಹತ್ತು ಹದಿನೈದು ನಿಮಿಷದಲ್ಲಿ, ಬಾನಿನ್ನೂ ತಿಳಿನೀಲಿಯಾಗಿರುವಾಗ, ಮೊಣಕೈಗಳನ್ನು ದೋಣಿಯ ಅಂಚಿಗೋ ಗೋಡೆಗೋ ಊರಿ ನೋಡಿ; ಬಾಗಿದ ಕೋಡು ಚೊಕ್ಕವಾಗಿ ಮೂಡುತ್ತದೆ. ಇನ್ನೂ ತಡ ಮಾಡಿದರೆ ಶುಕ್ರ ಕಡಲಿನ ಮೇಲಿನ ದಟ್ಟ, ತೇವದ ಗಾಳಿಗೆ ಇಳಿದು ಕೆಂಪು ಹಸಿರಾಗಿ ನಡುಗುತ್ತದೆ. ಬಜ್ಪೆಗೆ ಬರುವ ವಿಮಾನವೇ ಎಂದು ಜನ ಕೇಳುವುದು ಆಗಲೇ.

ನಮ್ಮ ಕರಾವಳಿಗೆ ಇದರಲ್ಲಿ ಒಂದು ಭಾಗ್ಯವಿದೆ. ಮಂಗಳೂರು, ಉಡುಪಿ ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಷ್ಟೇ ಇರುವುದರಿಂದ ಗ್ರಹಗಳು ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತವೆ. ಯುರೋಪಿನಲ್ಲಿರುವಂತೆ ದಿಗಂತಕ್ಕೆ ಓರೆಯಾಗಿ ಜಾರುವುದಿಲ್ಲ. ಮಲ್ಪೆಯಲ್ಲಾಗಲಿ ಕಾಪುವಿನಲ್ಲಾಗಲಿ ಪಡುವಣಕ್ಕೆ ಅಡ್ಡವಾಗಿ ಗುಡ್ಡವೂ ಇಲ್ಲ, ಕಟ್ಟಡವೂ ಇಲ್ಲ. ಶುಕ್ರ ಸೂರ್ಯನಿಂದ 48 ಡಿಗ್ರಿಗಿಂತ ಹೆಚ್ಚು ದೂರ ಸರಿಯದು, ಹಾಗಾಗಿ ನಡುರಾತ್ರಿ ನೆತ್ತಿಯ ಮೇಲೆ ಕಾಣಸಿಗುವುದಿಲ್ಲ. ಸಂಜೆಗೆ ಹೆಚ್ಚೆಂದರೆ ಸುಮಾರು ಮೂರು ಗಂಟೆ ಉಳಿಯುತ್ತದೆ. ಆಟಿಯ ಮಳೆಮೋಡ ಮಾತ್ರ ನಮ್ಮ ಕೈಯಲ್ಲಿಲ್ಲ.

ಇಷ್ಟು ಹೊಳಪು ಬರುವುದು ಮೋಡದಿಂದ. ಗಂಧಕಾಮ್ಲದ ಹನಿಗಳ ದಟ್ಟ ಮೋಡ ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಗಾತ್ರದಲ್ಲಿ ಭೂಮಿಗೆ ಸಮೀಪ, 12,104 ಕಿಲೋಮೀಟರ್ ವ್ಯಾಸ. ಆದರೆ ನೆಲದ ಮೇಲೆ ಸುಮಾರು 465 ಡಿಗ್ರಿ ಸೆಲ್ಸಿಯಸ್ ತಾಪ, ನಮ್ಮದರ 90 ಪಟ್ಟಿಗೂ ಮಿಕ್ಕಿದ ಒತ್ತಡ. 1982ರಲ್ಲಿ ಅಲ್ಲಿಳಿದ ಸೋವಿಯತ್ ನೌಕೆ ವೆನೆರಾ 13 ಎರಡು ಗಂಟೆ ಚಿಲ್ಲರೆ ಕೆಲಸ ಮಾಡಿದ್ದೇ ದೊಡ್ಡ ಸಾಧನೆ. ಇಸ್ರೋದ ಶುಕ್ರ ಪರಿಭ್ರಮಣ ನೌಕೆಗೆ ಕೇಂದ್ರ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿದೆ.

ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಸಂಜೆಯ ಶುಕ್ರ ಅತಿ ಎತ್ತರಕ್ಕೆ ಬಂದ ಮೇಲಿನ ಹತ್ತು ವಾರ, ವಾರಕ್ಕೊಮ್ಮೆ ಮಕ್ಕಳಿಂದ ಅದರ ಆಕಾರ ಬರೆಸಿ. ಅರ್ಧಬಿಂಬ ಕೋಡಾಗುವುದನ್ನು, ಕೋಡು ತೆಳ್ಳಗಾಗುತ್ತ ಉದ್ದವಾಗುವುದನ್ನು ಅವರೇ ಕಂಡುಕೊಳ್ಳಲಿ. ಸೂರ್ಯ ಪೂರ್ತಿ ಮುಳುಗುವ ಮುನ್ನ ಮಾತ್ರ ಯಾರೂ ಬೈನಾಕ್ಯುಲರನ್ನು ಪಡುವಣಕ್ಕೆ ಎತ್ತದಂತೆ ನೀವೇ ನಿಂತು ನೋಡಿಕೊಳ್ಳಿ.